ಬಾಡಿಗೆಯ ಲೆಕ್ಕ, ಬಾಗಿಲ ಲೆಕ್ಕ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಬಾಡಿಗೆಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ಕತೆ, ಕಾವ್ಯಗಳನ್ನು ಅನುಮಾನದಿಂದ ಓದುವುದನ್ನು ನಾವು ಕಲಿತಿದ್ದೇವೆ. ಅಂಕಿಗಳನ್ನು ಮಾತ್ರ ಈಗಲೂ ಸುಮ್ಮನೆ ನಂಬಿಬಿಡುತ್ತೇವೆ. ಹಾಗಾಗಿ ಅಮೆರಿಕದವರು ಬಳಸುವ 'ಬಾಡಿಗೆ ಹೊರೆ' ಎಂಬ ಒಂದು ಅಂಕಿಯನ್ನು ಇಲ್ಲಿ ಬಿಡಿಸಿ ನೋಡಬೇಕೆನಿಸಿದೆ.

ಲೆಕ್ಕ ಸರಳವಾಗಿದೆ. ಬಾಡಿಗೆಯನ್ನು ಆದಾಯದಿಂದ ಭಾಗಿಸಬೇಕು. ಆದಾಯದ 30%ಗಿಂತ ಹೆಚ್ಚು ಮನೆಗೇ ಹೋದರೆ ಆ ಸಂಸಾರ ಹೊರೆ ಹೊತ್ತಿದೆ ಎಂದರ್ಥ. 50% ದಾಟಿದರೆ ಅದು ತೀವ್ರ ಹೊರೆ. ಈ ಗೆರೆಗೂ ಒಂದು ಚರಿತ್ರೆಯಿದೆ. ಸರ್ಕಾರಿ ವಸತಿಯ ಬಾಡಿಗೆ ಬಡವರ ಆದಾಯದ 25% ಮೀರಬಾರದೆಂಬ ತಿದ್ದುಪಡಿ 1969ರಲ್ಲಿ ಬಂತು. ಅದನ್ನು ತಂದವರು ಎಡ್ವರ್ಡ್ ಬ್ರೂಕ್ ಎಂಬ ಕಪ್ಪು ಜನಾಂಗದ ಸೆನೆಟರ್. 1981ರಲ್ಲಿ ಆ ಮಿತಿಯನ್ನು 30%ಗೆ ಏರಿಸಲಾಯಿತು.

2023ರ ಅಲ್ಲಿನ ಜನಗಣತಿ ಇಲಾಖೆಯ ಸಮೀಕ್ಷೆಯಂತೆ ಎರಡು ಕೋಟಿಗೂ ಹೆಚ್ಚು ಬಾಡಿಗೆ ಸಂಸಾರಗಳು ಈ ಗೆರೆ ದಾಟಿದ್ದವು. ಕಪ್ಪು ಜನರ ಬಾಡಿಗೆ ಸಂಸಾರಗಳಲ್ಲಿ ಸುಮಾರು 56%, ಬಿಳಿಯರಲ್ಲಿ ಸುಮಾರು 47%. ಸೂತ್ರದಲ್ಲಿ ಬಣ್ಣ ಎಲ್ಲೂ ಇಲ್ಲ. ಮೇಲೆ ಬಾಡಿಗೆ, ಕೆಳಗೆ ಆದಾಯ, ಅಷ್ಟೇ. ಆದರೂ ಉತ್ತರಕ್ಕೆ ಬಣ್ಣ ಬಂದುಬಿಡುತ್ತದೆ. ಹೇಗೆ?

ಚಿಕಾಗೋದ ಉತ್ತರಕ್ಕೆ ಸರೋವರದ ದಂಡೆಯಲ್ಲಿ ಇವಾನ್‌ಸ್ಟನ್ ಎಂಬ ಸಣ್ಣ ನಗರವಿದೆ. 2020ರಲ್ಲಿ ಜನಸಂಖ್ಯೆ 78 ಸಾವಿರ. ವಿಶ್ವವಿದ್ಯಾಲಯವಿರುವ, ಸುಸಂಸ್ಕೃತವೆಂದು ಹೆಸರಾದ ಊರು. ಅಲ್ಲಿನ ಕಪ್ಪು ಜನರನ್ನು ಕಾಲುವೆ ಮತ್ತು ರೈಲುಹಳಿಗಳ ನಡುವಿನ ತ್ರಿಕೋನದಂಥ ಜಾಗಕ್ಕೆ ಒತ್ತರಿಸಲಾಯಿತು. ಊರಾಚೆಯ ಕೇರಿಯಲ್ಲಿ ಹುಟ್ಟಿದವರಿಗೆ ಈ ನಕ್ಷೆಯನ್ನು ವಿವರಿಸಬೇಕಾಗಿಲ್ಲ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸಾಲದ ಅಪಾಯ ಅಳೆಯಲು ನಗರಗಳ ನಕ್ಷೆ ಬರೆಸಿತು. ಈ ಪ್ರದೇಶಕ್ಕೆ ಬಿದ್ದದ್ದು ಕೊನೆಯ ದರ್ಜೆ, ಕೆಂಪು ಬಣ್ಣ. ಕೆಂಪು ಬಿದ್ದ ಕಡೆ ಮನೆಸಾಲ ಹುಟ್ಟುವುದು ಕಷ್ಟ. ಸಾಲವಿಲ್ಲದವನಿಗೆ ಸ್ವಂತ ಮನೆಯಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. ಇದ್ದ ನಾಲ್ಕು ಬೀದಿಗಳಲ್ಲೇ ಎಲ್ಲರೂ ಮನೆ ಹುಡುಕಬೇಕಾದಾಗ ಮನೆಯ ಮಾಲೀಕ ಹೇಳಿದ್ದೇ ಬಾಡಿಗೆ. ಹೀಗೆ ಬೇಲಿ ಬಾಡಿಗೆಯನ್ನು ಏರಿಸುತ್ತದೆ, ಕೆಲಸದಲ್ಲಿನ ತಾರತಮ್ಯ ಆದಾಯವನ್ನು ಇಳಿಸುತ್ತದೆ. ಭಾಗಾಕಾರ ಮಾತ್ರ ಶುದ್ಧವಾಗಿಯೇ ಇರುತ್ತದೆ.

ಇವಾನ್‌ಸ್ಟನ್ ಇದನ್ನು ಒಪ್ಪಿಕೊಂಡಿತು. 1919ರಿಂದ 1969ರವರೆಗಿನ ವಸತಿ ತಾರತಮ್ಯಕ್ಕೆ ಪರಿಹಾರವಾಗಿ, ಆ ಕಾಲದಲ್ಲಿ ಅಲ್ಲಿದ್ದ ಕಪ್ಪು ಜನರಿಗೆ ಮತ್ತು ಅವರ ಸಂತತಿಗೆ ತಲಾ 25 ಸಾವಿರ ಡಾಲರ್ ಕೊಡಲು 2021ರ ಮಾರ್ಚಿನಲ್ಲಿ ನಗರಸಭೆ 8–1 ಮತಗಳಿಂದ ತೀರ್ಮಾನಿಸಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ಹಣ ಮನೆ ಕೊಳ್ಳಲು, ರಿಪೇರಿ ಮಾಡಿಸಲು, ಮನೆಸಾಲ ತೀರಿಸಲು ಮಾತ್ರ. ಮನೆ ಕೊಳ್ಳಲಾಗದೆ ಬಾಡಿಗೆಯಲ್ಲೇ ಉಳಿದವರಿಗೆ, ಅಂದರೆ ಪೆಟ್ಟು ಹೆಚ್ಚು ತಿಂದವರಿಗೆ, ಅದು ದಕ್ಕುವಂತಿರಲಿಲ್ಲ. ನೇರ ನಗದಿನ ದಾರಿ ತೆರೆದದ್ದು 2023ರಲ್ಲಿ. ನಿವೇಶನವಿದ್ದವರಿಗೆ ಮನೆ ಕೊಡುವ ನಮ್ಮ ಯೋಜನೆಗಳನ್ನು ಬಲ್ಲವರಿಗೆ ಇದೂ ಹೊಸದಲ್ಲ.

ಈ ಅಂಕಿಗೆ ಇನ್ನೊಂದು ಕುರುಡು ಇದೆ. ಬಾಡಿಗೆ ತಾಳಲಾರದೆ ಊರು ಬಿಟ್ಟವರು ಆ ಊರಿನ ಲೆಕ್ಕದಲ್ಲಿ ಸಿಗುವುದಿಲ್ಲ. ಒಳಗೇ ಬಿಟ್ಟುಕೊಳ್ಳದವರೂ ಸಿಗುವುದಿಲ್ಲ. ಈ ಎರಡನೆಯವರ ಕತೆಯೇ ನಮ್ಮದು. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರ್ ನ್ಯೂಯಾರ್ಕಿನಲ್ಲಿ ಓದಿ ಬಂದವರು. ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಪಾರ್ಸಿ ಹೆಸರು ಬರೆಸಿ, ವಸತಿಗೃಹವೊಂದರಲ್ಲಿ ಉಳಿದಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಕೈಯಲ್ಲಿ ನೌಕರಿಯಿತ್ತು, ಬಾಡಿಗೆ ಕೊಡುವ ಶಕ್ತಿಯಿತ್ತು. ಬಾಗಿಲು ಇರಲಿಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ದಿಲ್ಲಿ ಸುತ್ತಮುತ್ತ ಫೋನಿನಲ್ಲಿ ಮನೆ ಕೇಳಿದ ದಲಿತರಲ್ಲಿ ಐವರಿಗೆ ಇಬ್ಬರಂತೆ ಒಂದೋ ನಿರಾಕರಣೆ, ಇಲ್ಲವೇ ಬೇರೆ ಷರತ್ತು.

ನಾನು ಕಾಲೇಜು ಕೆಲಸಕ್ಕೆ ಸೇರಿದಾಗ ಒಬ್ಬ ತಾಯಿ ನಲ್ಲಿ ತಿರುಗಿಸಿ ನೀರು ತೋರಿಸಿದರು. ''ಬಾಡಿಗೆ ಆರು ಸಾವ್ರ, ಅಡ್ವಾನ್ಸು ಐವತ್ತು. ಅಂದ್ಹಾಗೆ ಮೇಷ್ಟ್ರೆ, ನೀವು ಯಾವ ಪೈಕಿ?'' ಹೇಳಿದೆ. ''ಅಯ್ಯೋ, ನಮ್ಮೆಜಮಾನ್ರು ಆಗ್ಲೇ ಯಾರಿಗೋ ಮಾತು ಕೊಟ್ಬಿಟ್ಟವ್ರೆ ಕಣಪ್ಪ'' ಅಂದ್ರು. ಇಂಥವೇ ನಾಲ್ಕು ಬಾಗಿಲು ಹತ್ತಿಳಿದು ಊರ ಹೊರಗಿನ ಬಡಾವಣೆಯಲ್ಲಿ ಮನೆ ಹಿಡಿದೆ. ಬಾಡಿಗೆ ಸಾವಿರ ಕಮ್ಮಿ, ಪೆಟ್ರೋಲಿನ ಖರ್ಚು ಅದಕ್ಕಿಂತ ಹೆಚ್ಚು. ಸೂತ್ರದ ಪ್ರಕಾರ ನನ್ನ ಹೊರೆ ಇಳಿದಿದೆ!

ಹಾಗೆಂದು ಅಂಕಿಯನ್ನು ಎಸೆಯಬೇಕಿಲ್ಲ. ಇವಾನ್‌ಸ್ಟನ್‌ನವರು ದಾಖಲೆ ಹುಡುಕಿದ್ದರಿಂದಲೇ ನಗರಸಭೆ ಬಾಯಿ ಬಿಡಬೇಕಾಯಿತು. ನಮ್ಮ ಸಂಘಟನೆಯ ಹುಡುಗರು, ಎಂ.ಎ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಸಮೀಕ್ಷೆಗೆ ಹೊರಟರೆ, ಬಾಡಿಗೆ ಎಷ್ಟು, ಆದಾಯ ಎಷ್ಟು ಎಂಬ ಕಲಮುಗಳ ಪಕ್ಕದಲ್ಲಿ ಇನ್ನೆರಡು ಕಲಮು ಎಳೆದುಕೊಳ್ಳಲಿ: ಈ ಮನೆ ಸಿಗುವ ಮುಂಚೆ ಎಷ್ಟು ಕಡೆ ಇಲ್ಲ ಅಂದರು? ಅಂದದ್ದು ಜಾತಿ ಕೇಳುವ ಮೊದಲೋ, ಕೇಳಿದ ಮೇಲೋ?