ಎಣಿಕೆಗೆ ಸಿಗದ ಮನೆಮಾತು

ಹಾವೇರಿಯಿಂದ ರಾಣೆಬೆನ್ನೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೊರಟಿದ್ದೆ. ಬೇಸರಕ್ಕೆ ಫೋನಿನ ಭಾಷೆಗಳ ಪಟ್ಟಿ ತೆಗೆದೆ. ಕನ್ನಡವಿತ್ತು, ಸಿಂಹಳವಿತ್ತು, ಹೆಸರೇ ಕೇಳಿರದ ಗಲಿಷಿಯನ್ ಕೂಡ ಇತ್ತು. ನಮ್ಮ ಲಂಬಾಣಿ ಮಾತ್ರ ಇರಲಿಲ್ಲ.

‘ನಿಮ್ದು ಹಿಂದಿನೇ ಅಲ್ದಾ ಮಾರಾಯ?’ ಅಂದ ಪಕ್ಕದಲ್ಲಿದ್ದ ರೂಮ್‌ಮೇಟ್. ಕುಮಟಾದವನು, ಮನೆಮಾತು ಕೊಂಕಣಿ. ನನಗೆ ಸಿಟ್ಟು ಬಂತು. ‘ಬಾ, ಎಣಿಸೋಣ’ ಎಂದೆ. ನನ್ನದು ಏಕ್, ದಿ, ತೀನ್. ಅವನದು ಏಕ್, ದೋನ್, ತೀನ್. ನೀರಿಗೆ ನಾವು ಪಾಣಿ ಅಂದರೆ ಅವರು ಉದಕ್. ಅಮ್ಮ ನಮಗೆ ಯಾಡಿ.

ಆಮೇಲೆ ಫೋನಿನಲ್ಲಿ ಆ ಇನ್ನೆರಡು ಭಾಷೆಗಳನ್ನೂ ಹುಡುಕಿದೆವು. ಏಳಕ್ಕೆ ನಮ್ಮಿಬ್ಬರಲ್ಲೂ ಸಾತ್. ಪೋರ್ಚುಗಲ್‌ನ ಮೇಲ್ಭಾಗದಲ್ಲಿ, ಸ್ಪೇನ್‌ನ ಮೂಲೆಯಲ್ಲಿರುವ ಗಲಿಷಿಯನ್ನರಿಗೆ ಸೆತೆ. ಸಿಂಹಳದಲ್ಲಿ ಹತ! ಅಲ್ಲಿ ‘ಸ’ ಹೋಗಿ ‘ಹ’ ಆಗಿದೆ, ನಮ್ಮ ಹಳಗನ್ನಡದ ಪಾಲು ಹಾಲಾದಂತೆ. ನಾಲ್ಕೂ ಇಂಡೋ-ಯುರೋಪಿಯನ್ ಕುಟುಂಬದವು. ತಮಿಳಿನ ಪಕ್ಕದಲ್ಲಿ ಸಿಂಹಳ ಬೆಳೆದ ಹಾಗೆ ಕನ್ನಡದ ನಡುವೆ ನಮ್ಮ ತಾಂಡಾಗಳ ಮಾತು ಬೆಳೆದಿದೆ.

ಗಲಿಷಿಯನ್ ಆಡುವವರು ಸುಮಾರು 24 ಲಕ್ಷ. ಸ್ಪ್ಯಾನಿಷ್ ಜೊತೆಗೆ ಅದೂ ಅಲ್ಲಿ ಆಡಳಿತ ಭಾಷೆ. 1963ರಿಂದ ಪ್ರತಿ ಮೇ 17ರಂದು ಅದರ ಸಾಹಿತ್ಯಕ್ಕೆಂದೇ ಒಂದು ದಿನ! 2011ರ ಜನಗಣತಿಯಲ್ಲಿ ಕೊಂಕಣಿಗರು 22 ಲಕ್ಷ ದಾಟಿದ್ದರು, ಲಂಬಾಣಿ ಮಾತಾಡುವವರು 32 ಲಕ್ಷ. ಆದರೆ ಈ 32 ಲಕ್ಷವನ್ನು ಸೇರಿಸಿದ್ದು ಹಿಂದಿಯ ಲೆಕ್ಕಕ್ಕೆ. ಗೆಳೆಯ ಹೇಳಿದ್ದರಲ್ಲಿ ಸರ್ಕಾರಿ ಸತ್ಯವಿತ್ತು! ಕೊಂಕಣಿ 1992ರಲ್ಲೇ ಎಂಟನೇ ಪರಿಚ್ಛೇದ ಸೇರಿತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಅವನು ಕೊಂಕಣಿ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ನನಗೆ ಆ ದಾರಿ ಇಲ್ಲ. ಸ್ವಂತ ಲಿಪಿ ಇಲ್ಲ ಎಂಬುದು ನೆಪ ಅಷ್ಟೆ. ಕೊಂಕಣಿಯನ್ನೂ ದೇವನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲಿ ಬರೆಯುತ್ತಾರಲ್ಲ!

ಹಾಗಂತ ಸಿಂಹಳಕ್ಕೆ ಕಟ್ಟಿದ ಪಟ್ಟ ನಮಗೆ ಬೇಡ. 1956ರಲ್ಲಿ ಅದೊಂದನ್ನೇ ಆಡಳಿತ ಭಾಷೆ ಮಾಡಿದ ಶ್ರೀಲಂಕಾದ ಕಾಯ್ದೆ ತಮಿಳರನ್ನು ಹೊರಗಿಟ್ಟಿತು. ಆಮೇಲೆ ಆ ದ್ವೀಪ ಕಂಡದ್ದು ಗೊತ್ತೇ ಇದೆ.

ಇಷ್ಟೆಲ್ಲ ವಾದ ಮಾಡಿದ ನಾನು, ಬಿಇ ಪ್ರವೇಶದ ಅರ್ಜಿಯಲ್ಲಿ ಮಾತೃಭಾಷೆ ಎಂಬಲ್ಲಿ ಕನ್ನಡ ಎಂದು ಬರೆದವನು. ಕನ್ನಡ ನನ್ನದಲ್ಲ ಅಂತಲ್ಲ, ಶಾಲೆ, ಸ್ನೇಹ, ಈ ಬರಹ ಎಲ್ಲವೂ ಅದರಲ್ಲೇ. ಆದರೆ ಅವತ್ತು ಬರೆದದ್ದು ನಾಚಿಕೆಯಿಂದ. ಅಜ್ಜಿ ಫೋನ್ ಮಾಡಿದರೆ ಈಗಲೂ ಹಾಸ್ಟೆಲಿನ ಮೆಟ್ಟಿಲಿಗೆ ಹೋಗಿ ಮೆಲ್ಲಗೆ ಮಾತಾಡುತ್ತೇನೆ.

ಬ್ಯಾಡಗಿ ಸ್ಟೇಷನ್ ಬಂತು. ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಮುಗಿಸಿದ ನಾಲ್ಕೈದು ಹೆಂಗಸರು ಹತ್ತಿದರು. ಘಾಟಿಗೆ ಗೆಳೆಯ ಸೀನತೊಡಗಿದ. ತಮ್ಮತಮ್ಮಲ್ಲಿ ಲಂಬಾಣಿಯಲ್ಲಿ ನಗುತ್ತಿದ್ದವರಲ್ಲಿ ಒಬ್ಬರು ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದರು: ‘ತಮ್ಮಾ, ರಾಣೆಬೆನ್ನೂರು ಎಷ್ಟೊತ್ತಿಗೆ ಬರ್ತೈತಿ?’

ನಾನು ಲಂಬಾಣಿಯಲ್ಲೇ ಉತ್ತರಿಸಿದೆ. ಗೆಳೆಯನಿಗೂ ಕೇಳುವಷ್ಟು ಜೋರಾಗಿ. ‘ಯಾವ ತಾಂಡಾ, ಯಾರ ಮಗ’ ಎಂದು ವಿಚಾರಣೆ ಶುರುವಾಯಿತು. ರಾಣೆಬೆನ್ನೂರು ಬರುವವರೆಗೂ ಮುಗಿಯಲಿಲ್ಲ.