ತಡವಾಗಿ ನುಡಿಯುವ ಹಸುಳೆಗಳ ಕೈಸನ್ನೆ

ಕಾಶಿಯ ಜಂಗಮವಾಡಿ ಮಠದ ನೆರೆಯಲ್ಲಿ ಬೆಳೆಯುವ ಕನ್ನಡದ ಹಸುಳೆಗೆ ಮನೆಯೊಳಗೆ ಒಂದು ನುಡಿ. ಹೊಸ್ತಿಲು ದಾಟಿದೊಡನೆ ಹಿಂದಿ, ಭೋಜಪುರಿ. ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದರೆ ಹಿರಿಯರು ಮೊದಲು ದೂರುವುದು ಈ ಭಾಷಾಬಾಹುಳ್ಯವನ್ನು. ಮೊದಲು ಕೈಬಿಡುವುದು ಕನ್ನಡವನ್ನು. ಈ ದೂರಿಗೆ ಆಧಾರವಿಲ್ಲ. ‘ನೀರು’, ‘ಪಾನಿ’ ಎರಡನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ, ದ್ವಿಭಾಷಿಕ ಮಗು ಸಾಮಾನ್ಯವಾಗಿ ಏಕಭಾಷಿಕ ಮಗುವಿಗಿಂತ ಹಿಂದುಳಿದಿರುವುದಿಲ್ಲ.

ಎರಡು ವರ್ಷಕ್ಕೆ 50 ಶಬ್ದಗಳೂ ಬಾರದ, ಅಥವಾ ಎರಡು ಶಬ್ದಗಳನ್ನು ಜೋಡಿಸಲಾರದ ಮಗುವನ್ನು ತಡವಾಗಿ ನುಡಿಯುವ ಮಗುವೆಂದು ವಿದ್ವಾಂಸರು ಗಣಿಸುತ್ತಾರೆ. ಇಂಥವರಲ್ಲಿ ಅನೇಕರು ಮುಂದೆ ತಾವಾಗಿಯೇ ಓರಗೆಯವರ ಸಮಕ್ಕೆ ಬರುತ್ತಾರೆ; ಕೆಲವರು ಬರುವುದಿಲ್ಲ. ಯಾರು ಬರುವರೆಂಬುದನ್ನು ಶಬ್ದಗಳ ಎಣಿಕೆಯೊಂದರಿಂದಲೇ ಹೇಳಲಾಗದು. ಡೋನಾ ಥಾಲ್ ಮತ್ತು ಸ್ಟೇಸಿ ಟೋಬಿಯಾಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಮಾತು ಕೂಡಿಬಂದ ಮಕ್ಕಳು ಮೊದಲೇ ಹೆಚ್ಚು ಸನ್ನೆಗಳನ್ನು ಬಳಸುತ್ತಿದ್ದುದು ಕಂಡುಬಂದಿತು.

ಸನ್ನೆಯೆಲ್ಲವೂ ಒಂದೇ ಬಗೆಯದಲ್ಲ. ಹಾಲಿನ ಲೋಟಕ್ಕೆ ಕೈ ಚಾಚುವುದು ಬೇಡಿಕೆ. ಮಾಳಿಗೆಯ ಮೇಲಿನ ಕೋತಿಯತ್ತ ಬೆರಳು ತೋರಿ, ಒಡನೆ ತಾಯಿಯ ಮುಖ ನೋಡುವುದು ಬೇರೆ: ಅಲ್ಲಿ ಮಗು ಏನನ್ನೂ ಬೇಡುತ್ತಿಲ್ಲ, ತಾನು ಕಂಡುದನ್ನು ಹಂಚಿಕೊಳ್ಳುತ್ತಿದೆ. ಮಾತಿನ ಮೂಲವೃತ್ತಿಯೂ ಇದೇ ಅಲ್ಲವೆ? ಇನ್ನೊಂದು ಮೆಟ್ಟಿಲು ಇದಕ್ಕಿಂತ ಸ್ವಾರಸ್ಯವಾದುದು. ಬಾಗಿಲ ಬಳಿಯ ಚಪ್ಪಲಿಯನ್ನು ತೋರಿಸಿ ಮಗು ‘ಅಪ್ಪ’ ಎನ್ನುತ್ತದೆ. ಬಾಯಲ್ಲಿ ಒಂದು ಶಬ್ದ, ಬೆರಳಲ್ಲಿ ಇನ್ನೊಂದು. ಎರಡೂ ಕೂಡಿ ವಾಕ್ಯದ ಅಂಕುರ. ಕೆಲವು ತಿಂಗಳ ತರುವಾಯ ‘ಅಪ್ಪ ಚಪ್ಪಲಿ’ ಎಂಬುದು ಬಾಯಿಂದಲೇ ಬರುತ್ತದೆ. ಈ ಪೌರ್ವಾಪರ್ಯವನ್ನು ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 2005ರಲ್ಲಿ 10 ಮಕ್ಕಳನ್ನು ಅನುಸರಿಸಿ ತೋರಿಸಿಕೊಟ್ಟರು.

ಆದುದರಿಂದ, ಬಾಯಿಬಿಟ್ಟು ಕೇಳುವ ತನಕ ಹಾಲು ಕೊಡಕೂಡದೆಂಬ ಉಪಾಯ ನನಗೆ ನಿಷ್ಠುರವೂ ನಿಷ್ಫಲವೂ ಆಗಿ ತೋರುತ್ತದೆ. ಸನ್ನೆ ಮಗುವನ್ನು ಸೋಮಾರಿಯಾಗಿಸುವುದಿಲ್ಲ. ಬೆರಳು ತೋರಿದೊಡನೆ ‘ಹೌದು, ಕೋತಿ ಬಂತು’ ಎಂದು ಸನ್ನೆಯನ್ನು ನುಡಿಯಾಗಿಸಿ ಹಿಂದಿರುಗಿಸಬೇಕು. ಅದೂ ಮನೆಮಂದಿಗೆ ಸಲೀಸಾಗಿ ಬರುವ ಭಾಷೆಯಲ್ಲಿ.

ಆದರೆ ಒಂದು ವರ್ಷ ಕಳೆದು ತಿಂಗಳುಗಳು ಉರುಳಿದರೂ ಬೆರಳು ತೋರದ, ಕರೆದರೆ ತಿರುಗದ, ಹೇಳಿದುದು ತಿಳಿಯದ ಮಗುವಿನ ವಿಷಯದಲ್ಲಿ ಕಾಯುತ್ತ ಕೂರುವುದು ತರವಲ್ಲ. ಮೊದಲು ಕಿವಿಯ ಪರೀಕ್ಷೆ ಆಗಬೇಕು, ಅನಂತರ ವಾಕ್‌ತಜ್ಞರ ಭೇಟಿ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆರಡೂ ಕನ್ನಡದಲ್ಲೇ ದೊರೆಯುತ್ತವೆ. ರಜೆಗೆ ಊರಿಗೆ ಹೋಗುವವರು ಇದನ್ನು ನೆನಪಿನಲ್ಲಿಡಬಹುದು.