ನಗು ಬಂದದ್ದು ಮಾತಿಗಾ, ಮೈಬಣ್ಣಕ್ಕಾ?

ವೀಕ್ಷಕರೇ, ಟಿವಿಯಲ್ಲಿ ‘ಪರಮಾತ್ಮ’ ಸಿನಿಮಾ ಎಷ್ಟು ಸಲ ನೋಡಿದ್ದೀರಿ? ಅದರಲ್ಲಿ ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ನಟನೊಬ್ಬ ಇದ್ದಾರೆ. ಮಾತು ಮಾತ್ರ ಅಪ್ಪಟ ಕನ್ನಡ. ಮುಖ ಗೊತ್ತು. ಹೆಸರು ಕೇಳಿದರೆ? “ಅದೇ ರೀ, ಆ ಆಫ್ರಿಕಾದವ” ಅಂತೀವಿ!

ಅವರು ಪ್ರಶಾಂತ್ ಸಿದ್ದಿ. ನಮ್ಮ ಕರ್ನಾಟಕದವರು.

ರೋಣ, ನರಗುಂದ, ಗಜೇಂದ್ರಗಡದ ಮಂದಿ ಗೋಕರ್ಣಕ್ಕೆ ಹೊರಟರೆ ಹುಬ್ಬಳ್ಳಿ ದಾಟಿ ಯಲ್ಲಾಪುರದ ಕಾಡು ಹಾಯ್ದು ಹೋಗ್ತಾರೆ. ಸಿದ್ದಿಗಳ ಊರುಗಳಿರೋದು ಆ ಸೀಮೆಯಲ್ಲೇ. ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ವಂಶ ಇದು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ನಮ್ಮ ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾದರು.

ಕಾಡಿನ ಊರಿನಿಂದ ಕ್ಯಾಮೆರಾ ಮುಂದೆ ಬರೋದು ಹೇಗೆ? ದಾರಿ ಮಾಡಿಕೊಟ್ಟದ್ದು ರಂಗಭೂಮಿ. 1980ರ ದಶಕದಲ್ಲೇ ನಿರ್ದೇಶಕ ಚಿದಂಬರರಾವ್ ಜಂಬೆ ಮಂಚಿಕೇರಿಯಲ್ಲಿ ಸಿದ್ದಿಗಳನ್ನು ಸೇರಿಸಿ, ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿಸಿದರು. ಪ್ರಶಾಂತ್ ಕೂಡ ಹೆಗ್ಗೋಡಿನ ನೀನಾಸಂನಲ್ಲಿ ನಟನೆ ಕಲಿತವರು. 2011ರ ‘ಪರಮಾತ್ಮ’ದ ನಂತರ ಅವರನ್ನು ಜನ ಗುರುತಿಸತೊಡಗಿದರು.

ಈಗ ಅಸಲಿ ಮಾತಿಗೆ ಬರ್ತೀನಿ. ನಮ್ಮ ಕಡೆ ಜಾತ್ರೆ ನಾಟಕ ನೋಡಿದವರಿಗೆ ಹಾಸ್ಯಗಾರನ ಕಷ್ಟ ಗೊತ್ತು. ಮಾತು ಅರೆಗಳಿಗೆ ಮೊದಲೇ ಬಿದ್ದರೆ ಪೆಚ್ಚು, ತಡವಾದರೆ ಸಪ್ಪೆ. ಸರಿಯಾಗಿ ಬಿದ್ದರೆ ಮಾತ್ರ “ಒನ್ಸ್ ಮೋರ್!” ಅದು ವರ್ಷಗಟ್ಟಲೆ ಕಲಿತ ವಿದ್ಯೆ. ಆದರೆ ಸಿದ್ದಿ ನಟ ತೆರೆ ಮೇಲೆ ಬಂದರೆ ಸಾಕು, ಬಾಯಿ ತೆರೆಯೋ ಮೊದಲೇ ನಗೋ ಜನ ಇದ್ದಾರೆ. ಆ ನಗು ಅವರ ವಿದ್ಯೆಗೆ ಸಿಕ್ಕ ಬಹುಮಾನವಾ? ಖಂಡಿತಾ ಅಲ್ಲ. ಅದು ಹುಟ್ಟಿಗೆ ಮಾಡಿದ ಅವಮಾನ.

ಅಮೆರಿಕದ ಟಿವಿಯಲ್ಲಿ ಶೆರ್ಮನ್ ಹೆಮ್ಸ್ಲಿ ಅಂತ ಕಪ್ಪು ನಟರಿದ್ದರು. ‘ದ ಜೆಫರ್ಸನ್ಸ್’ ಹಾಸ್ಯ ಧಾರಾವಾಹಿ 1975ರಿಂದ 1985ರವರೆಗೆ ಓಡಿತು. ಅವರ ಪಾತ್ರ ಏನು ಗೊತ್ತಾ? ಡ್ರೈ ಕ್ಲೀನಿಂಗ್ ಅಂಗಡಿಗಳ ಮಾಲೀಕ, ಜಂಬದ ಕೋಳಿ, ಹೆಂಡತಿ ಮುಂದೆ ಮಾತ್ರ ಮೆತ್ತಗೆ. ಜನ ನಕ್ಕಿದ್ದು ಆ ಜಂಬಕ್ಕೆ. ಅಂಥ ಗಂಡ ನರಗುಂದದಲ್ಲೂ ಸಿಗ್ತಾನೆ!

ನಮ್ಮಲ್ಲೂ ಆಗಬೇಕಾದ್ದು ಅದೇ. ಸಿದ್ದಿ ನಟನನ್ನು ವಿಚಿತ್ರ ಪ್ರಾಣಿಯಂತೆ ತೋರಿಸೋದು ಬಿಡಿ. ಧಾರಾವಾಹಿಯಲ್ಲಿ ಒಬ್ಬ ಸಿದ್ದಿ ಮೇಷ್ಟ್ರು ಬರಲಿ, ಬೀಗರು ಬರಲಿ, ಬಾಡಿಗೆ ಕೇಳೋ ಮನೆ ಮಾಲೀಕ ಬರಲಿ. ಆಗ ಮಾತಿಗೆ ನಗೋಣ, ಹೊಟ್ಟೆ ಹುಣ್ಣಾಗುವಷ್ಟು ನಗೋಣ. ಹೆಸರು ಹಿಡಿದು ಚಪ್ಪಾಳೆ ತಟ್ಟೋಣ.